ಅಂಗಡಿ ಬಾಗಿಲಲ್ಲಿ ಓಟಿನ ಮೇಜು

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಮಗೆ ಮಾತಾಡಲು ಕೊಟ್ಟ ವಿಷಯ 'ಸಹಕಾರ ಮತ್ತು ಪ್ರಜಾಪ್ರಭುತ್ವ'. ನಾವು ಓದಿದ್ದು ಎಸ್‌ಎಸ್‌ಎಲ್‌ಸಿ. ದೊಡ್ಡ ವಿಷಯದ ಮೇಲೆ ದೊಡ್ಡದಾಗಿ ಮಾತಾಡುವ ಶಕ್ತಿ ನಮಗಿಲ್ಲ. ಕಂಡದ್ದು, ಅನುಭವಿಸಿದ್ದು ಹೇಳಬಲ್ಲೆವು. ಹಾಗಾಗಿ ವಿಷಯವನ್ನು ಸ್ವಲ್ಪ ಚಿಕ್ಕದು ಮಾಡಿಕೊಂಡು, ನಮ್ಮೂರಿನ ಹತ್ತಿರದ ಒಂದು ದೊಡ್ಡ ಅಂಗಡಿಯ ಬಾಗಿಲಲ್ಲಿ ಹಾಕಿದ್ದ ಒಂದು ಮೇಜಿನ ಬಗ್ಗೆ ಹೇಳುತ್ತೇವೆ. ಅಂಗಡಿಯ ಹೆಸರು ಬೇಡ. ಹೆಸರು ಹೇಳಿದರೆ ಜಗಳ ಆ ಅಂಗಡಿಯದು ಮಾತ್ರ ಆಗುತ್ತದೆ. ವಿಷಯ ಅದಕ್ಕಿಂತ ದೊಡ್ಡದು.

2024ನೇ ಇಸವಿ ಜನವರಿ. ಜನವರಿ 25 ರಾಷ್ಟ್ರೀಯ ಮತದಾರರ ದಿನ ಅಂತ 2011ರಿಂದ ಆಚರಿಸುತ್ತಾ ಬಂದಿದ್ದಾರೆ, ನಿಮಗೆ ಗೊತ್ತು. ಆ ವಾರದ ಭಾನುವಾರ ಮಗಳನ್ನು ಕರಕೊಂಡು ಸಾಮಾನು ತರಲು ಆ ಅಂಗಡಿಗೆ ಹೋಗಿದ್ದೆವು. ಬಾಗಿಲಲ್ಲೇ, ತಳ್ಳುವ ಗಾಡಿಗಳು ನಿಲ್ಲಿಸೋ ಜಾಗಕ್ಕೂ ಎಣ್ಣೆ ಡಬ್ಬದ ರಾಶಿಗೂ ನಡುವೆ ಒಂದು ಮೇಜು. ಮೇಲೆ ಬಟ್ಟೆ, ಹಿಂದೆ ಬ್ಯಾನರು. 'ಇಲ್ಲೇ ಮತದಾರರಾಗಿ' ಅನ್ನೋ ಅರ್ಥದ ಬರಹ, ಅದರ ಕೆಳಗೆ ಅಂಗಡಿಯ ಗುರುತು, ಬರಹಕ್ಕಿಂತ ಗುರುತೇ ದೊಡ್ಡದು. ಇಬ್ಬರು ಹುಡುಗಿಯರು ನಗುನಗುತ್ತಾ ಕರೆದರು. ಮಗಳಿಗೆ ಆಗಷ್ಟೇ 18 ತುಂಬಿತ್ತು. ನಮಗೂ ಸಂತೋಷವೇ ಆಯಿತು. ತಾಲ್ಲೂಕು ಕಚೇರಿಗೆ ಅಲೆಯೋದು ತಪ್ಪಿತಲ್ಲ ಅಂದುಕೊಂಡೆವು.

ಎರಡು ಕಾಗದ ಕೊಟ್ಟರು. ಒಂದು ನಮೂನೆ 6, ಅಂದರೆ ಹೊಸ ಮತದಾರರು ಹೆಸರು ಸೇರಿಸಲು ಕೊಡುವ ಅರ್ಜಿ. ಇನ್ನೊಂದು ಅಂಗಡಿಯದೇ ಚೀಟಿ. ಅದರಲ್ಲಿ ಹೆಸರು, ಮೊಬೈಲ್ ನಂಬರು, ಹುಟ್ಟಿದ ದಿನ, ಮನೆಯಲ್ಲಿ ಎಷ್ಟು ಜನ, ತಿಂಗಳಿಗೆ ಸಾಮಾನಿಗೆ ಎಷ್ಟು ಖರ್ಚು ಅಂತೆಲ್ಲ ಇತ್ತು. ಮಗಳು ಎರಡೂ ತುಂಬಿದಳು. ಚೀಟಿಗೆ ಬದಲಾಗಿ ನೂರಕ್ಕೆ ಹತ್ತು ರಿಯಾಯಿತಿಯ ಕೂಪನ್ನು ಕೊಟ್ಟರು. ಓಟಿಗೂ ತಿಂಗಳ ಸಾಮಾನಿನ ಖರ್ಚಿಗೂ ಏನು ಸಂಬಂಧ ಅಂತ ಆ ಹೊತ್ತಿನಲ್ಲಿ ನಮಗೆ ಹೊಳೆಯಲೇ ಇಲ್ಲ.

ಇನ್ನೊಂದು ಕೇಳಿದೆವು. 'ನಮ್ಮ ತಾಯಿಯವರ ಹೆಸರು ಪಟ್ಟಿಯಿಂದ ಬಿಟ್ಟುಹೋಗಿದೆ. ಹಿಂದಿನ ಸಲ ಬೂತಿಗೆ ಹೋಗಿ ಬರಿಗೈಲಿ ವಾಪಸು ಬಂದರು. ಅದಕ್ಕೇನು ಮಾಡಬೇಕು?' ಅಂತ. ಆ ಮಗು ಪಾಪ ಒಳ್ಳೆಯದಾಗೇ ಹೇಳಿತು, 'ಅಂಕಲ್, ನಾವು ಹೊಸಬರನ್ನ ಮಾತ್ರ ಸೇರಿಸ್ತೀವಿ. ಯೂತ್ ಕ್ಯಾಂಪೇನ್ ಇದು.' ಸರಿ ಅಂತ ಬಂದೆವು.

ಮುಂದೆ ಏನಾಯಿತು ಅಂದರೆ, ಅಂಗಡಿಯಿಂದ ಮಗಳ ಫೋನಿಗೆ ವಾರಕ್ಕೆ ಎರಡು ಸಲ ಮೆಸೇಜು ಬರಲು ಶುರುವಾಯಿತು. ಒಂದು ಸಲವೂ ತಪ್ಪಲಿಲ್ಲ. ಆದರೆ ಮಾರ್ಚಿನಲ್ಲಿ ಪಟ್ಟಿ ನೋಡಿದರೆ ಮಗಳ ಹೆಸರು ಇಲ್ಲ. ಅರ್ಜಿ ಕೊಟ್ಟಿದ್ದಕ್ಕೆ ನಂಬರು ಕೇಳಿದರು, ನಮ್ಮ ಹತ್ತಿರ ಇದ್ದದ್ದು ಕೂಪನ್ನು. ಕೊನೆಗೆ ನಮ್ಮ ಬೂತ್ ಮಟ್ಟದ ಅಧಿಕಾರಿ, ಬಿಎಲ್‌ಒ ಅಂತೀವಲ್ಲ, ನಮ್ಮ ಅಂಗನವಾಡಿ ಟೀಚರಮ್ಮನವರೇ, ಅವರ ಹತ್ತಿರ ಹೋದೆವು. ಅವರು ಕೊನೆಯ ದಿನದ ಒಳಗೆ ಮಗಳದ್ದೂ ನಮ್ಮ ತಾಯಿಯವರದ್ದೂ ಇಬ್ಬರ ಅರ್ಜಿಯೂ ಹಾಕಿಸಿ, ನಂಬರು ಬರೆದುಕೊಟ್ಟು, ಮನೆಗೆ ಬಂದು ನೋಡಿ ಹೋದರು. ಅಜ್ಜಿ ಮೊಮ್ಮಗಳು ಒಟ್ಟಿಗೆ ಹೋಗಿ ಓಟು ಹಾಕಿ ಬಂದರು. ನಮ್ಮ ಸಂಘದ ಬಾಗಿಲಿಂದ ಐವತ್ತು ಹೆಜ್ಜೆ ದೂರದಲ್ಲಿ ಇದ್ದ ಕೆಲಸಕ್ಕೆ ನಾವು ಅಷ್ಟು ದೂರದ ಅಂಗಡಿಗೆ ಹೋಗಿದ್ದೆವು.

ಇದರಿಂದ ಆ ಅಂಗಡಿಯವರು ಮೋಸಗಾರರು ಅಂತ ಹೇಳಲು ನಾವು ಬಂದಿಲ್ಲ. ಅರ್ಜಿ ಎಲ್ಲೋ ದಾರಿಯಲ್ಲಿ ಕಳೆದಿರಬಹುದು. ಆದರೆ ವ್ಯಾಪಾರ ಮಾಡುವವರು ಓಟಿನ ಕೆಲಸಕ್ಕೆ ಯಾಕೆ ಕೈ ಹಾಕುತ್ತಾರೆ, ಅವರಿಗೆ ಅದರಲ್ಲಿ ಏನು ಸಿಗುತ್ತದೆ, ನಮಗೆ ಏನು ಸಿಗುತ್ತದೆ, ಏನು ಹೋಗುತ್ತದೆ ಅನ್ನೋದನ್ನು ಸದಸ್ಯರು ಸ್ವಲ್ಪ ಲೆಕ್ಕ ಹಾಕಬೇಕು. ಹಾಲಿಗೆ ಫ್ಯಾಟು, ಎಸ್‌ಎನ್‌ಎಫ್ ಎರಡೂ ನೋಡಿ ರೇಟು ಹಾಕುವ ಜನ ನಾವು. ಬಿಳಿ ಇರೋದೆಲ್ಲ ಹಾಲಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದು ಇವತ್ತು ನಿನ್ನೆ ಶುರುವಾದದ್ದಲ್ಲ. 2008ರಲ್ಲಿ ಟಾಟಾ ಟೀ ಕಂಪನಿಯವರು ನಮ್ಮ ಬೆಂಗಳೂರಿನ ಜನಾಗ್ರಹ ಸಂಸ್ಥೆಯ ಜೊತೆ ಸೇರಿ 'ಜಾಗೋ ರೇ' ಅನ್ನೋ ದೊಡ್ಡ ಆಂದೋಲನ ಮಾಡಿದರು. 2009ರ ಲೋಕಸಭಾ ಚುನಾವಣೆಗೆ ಮುಂಚೆ ಹುಡುಗ ಹುಡುಗಿಯರನ್ನು ಮತದಾರರ ಪಟ್ಟಿಗೆ ಸೇರಿಸೋದು ಅದರ ಉದ್ದೇಶ. ಟಿವಿಯಲ್ಲಿ ಬರುತ್ತಿದ್ದ ಜಾಹೀರಾತು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಓಟು ಹಾಕದವನು ಎಚ್ಚರ ಇದ್ದರೂ ನಿದ್ದೆ ಮಾಡುತ್ತಿರುವವನು ಅನ್ನೋದು ಅದರ ಸಾರಾಂಶ. ಟೀ ಮಾರುವವರಿಗೆ ಇದು ಎಷ್ಟು ಚೆನ್ನಾಗಿ ಹೊಂದಿತು ನೋಡಿ. ಎಲ್ಲ ಟೀ ಪುಡಿಯೂ ನಿದ್ದೆ ಬಿಡಿಸುತ್ತೆ ಅಂತಲೇ ಮಾರಾಟ ಆಗೋದು. ಇವರದು ದೇಶವನ್ನೇ ಎಬ್ಬಿಸುವ ಟೀ ಆಯಿತು. ಜನಾಗ್ರಹದವರಿಗೆ 2001ರಿಂದಲೂ ನಗರದ ಆಡಳಿತದ ಬಗ್ಗೆ ಕೆಲಸ ಮಾಡಿದ ಅನುಭವ ಇತ್ತು. ಮತದಾರರ ಪಟ್ಟಿಯಲ್ಲಿ ಸತ್ತವರ ಹೆಸರು, ಊರು ಬಿಟ್ಟವರ ಹೆಸರು ಎಷ್ಟಿದೆ ಅಂತ ಹೋಗಿ ನೋಡಿ ತೋರಿಸಿದವರು ಅವರು. ಅವರ ಶ್ರದ್ಧೆಯನ್ನು ನಾವು ಅಲ್ಲಗಳೆಯುವುದಿಲ್ಲ. ಹೆಸರು ಸೇರಿಸಿಕೊಂಡ ಮಕ್ಕಳಿಗೂ ಒಳ್ಳೆಯದೇ ಆಯಿತು. ಆದರೆ 2009ರ ಆ ಚುನಾವಣೆಯಲ್ಲಿ ಬೆಂಗಳೂರು ನಗರದ ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಮತದಾನ ನೂರಕ್ಕೆ ಐವತ್ತನ್ನೂ ಮುಟ್ಟಲಿಲ್ಲ. ಹದಿನೈದು ವರ್ಷ ಆದ ಮೇಲೆ 2024ರಲ್ಲಿ ಮುಟ್ಟಿದ್ದು ನೂರಕ್ಕೆ 53, 54. ಅದೇ ವರ್ಷ ಬೆಂಗಳೂರು ಗ್ರಾಮಾಂತರದಲ್ಲಿ 68. ನಮ್ಮ ಪಕ್ಕದ ಹೊಸಕೋಟೆಯಲ್ಲಿ ವಿಧಾನಸಭೆಗೆ ನೂರಕ್ಕೆ ತೊಂಬತ್ತರ ಆಸುಪಾಸು ಓಟು ಬೀಳುತ್ತದೆ. ಅಲ್ಲಿ ಯಾರೂ ಕೂಪನ್ನು ಕೊಟ್ಟು ಕರೆಯಲಿಲ್ಲ. ತಮ್ಮ ಓಟಿನಿಂದ ಏನೋ ಆಗುತ್ತೆ ಅಂತ ಜನಕ್ಕೆ ಗೊತ್ತಿದ್ದರೆ ಅವರೇ ಬರುತ್ತಾರೆ.

ಇನ್ನು ಓಟು ಹಾಕಿ ಬೆರಳು ತೋರಿಸಿದರೆ ದೋಸೆ, ಕಾಫಿ, ಬಿಲ್ಲಿನಲ್ಲಿ ರಿಯಾಯಿತಿ. ಬೆಂಗಳೂರಿನಲ್ಲಿ ಇದು ಒಂದು ಪದ್ಧತಿಯೇ ಆಗಿಬಿಟ್ಟಿದೆ. 2024ರ ಏಪ್ರಿಲ್‌ನಲ್ಲಿ ವಿಷಯ ಹೈಕೋರ್ಟಿಗೆ ಹೋಗಿ, ಯಾವ ಪಕ್ಷಕ್ಕೂ ಲಾಭ ಆಗದ ರೀತಿ ಕೊಡುವುದಾದರೆ ಹೋಟೆಲಿನವರು ಕೊಡಬಹುದು ಅಂತ ಅವಕಾಶ ಸಿಕ್ಕಿತು. ಅಮೆರಿಕಾ ದೇಶದಲ್ಲಿ 2008ರ ಚುನಾವಣೆಯ ದಿನ ಸ್ಟಾರ್‌ಬಕ್ಸ್ ಕಾಫಿ ಕಂಪನಿಯವರು ಓಟು ಹಾಕಿದವರಿಗೆ ಪುಕ್ಕಟೆ ಕಾಫಿ ಅಂತ ಸಾರಿದರು. ಅಲ್ಲಿಯ ಕಾನೂನಿನಲ್ಲಿ ಓಟಿಗೆ ಬದಲಾಗಿ ಏನನ್ನೂ ಕೊಡುವಂತಿಲ್ಲ ಅಂತ ತಕರಾರು ಬಂದು, ಕೊನೆಗೆ ಓಟು ಹಾಕಿದವರಿಗೂ ಹಾಕದವರಿಗೂ ಕೇಳಿದವರಿಗೆಲ್ಲ ಕಾಫಿ ಕೊಡಬೇಕಾಯಿತು. ಆ ದೇಶದಲ್ಲಿ ಹೆಸರು ಬರೆಸಿಕೊಳ್ಳೋದು ಹೆಚ್ಚಾಗಿ ಜನರ ಪಾಡು, ಸರ್ಕಾರ ಮನೆಮನೆಗೆ ಬರಲ್ಲ. ಅದಕ್ಕೇ ಅಂಗಡಿ, ಕಾಲೇಜು, ಸಂಘಸಂಸ್ಥೆಗಳು ಮೇಜು ಹಾಕುವ ವಾಡಿಕೆ ಬೆಳೆಯಿತು. ನಮ್ಮ ದೇಶದ ಪದ್ಧತಿ ಬೇರೆ. ಇಲ್ಲಿ ಪಟ್ಟಿ ಮಾಡೋದು ಚುನಾವಣಾ ಆಯೋಗದ ಜವಾಬ್ದಾರಿ. ಬಿಎಲ್‌ಒ ನಮ್ಮ ಬಾಗಿಲಿಗೆ ಬರಬೇಕು, ಬರುತ್ತಾರೆ ಕೂಡ. ಹಾಗಿರುವಾಗ ಆ ದೇಶದ ಮೇಜು ಇಲ್ಲಿಗೆ ಬಂದರೆ, ಮೇಜಿನ ಜೊತೆ ಇನ್ನೇನೇನು ಬಂತು ಅಂತ ನೋಡಬೇಕಾಗುತ್ತದೆ.

ನಮ್ಮ ಬುದ್ಧಿಗೆ ತೋಚಿದ ಮಟ್ಟಿಗೆ ಕಂಪನಿಯವರಿಗೆ ನಾಲ್ಕು ಲಾಭ. ಒಂದು, ಅಂಗಡಿಯೊಳಕ್ಕೆ ಜನ ಬರುತ್ತಾರೆ. ಅರ್ಜಿ ತುಂಬಲು ಬಂದವನು ಬರಿಗೈಲಿ ಹೋಗುವುದಿಲ್ಲ. ಇದು ಜಾತ್ರೆಯಲ್ಲಿ ನೀರು ಮಜ್ಜಿಗೆ ಕೊಟ್ಟ ಹಾಗೆ, ತಪ್ಪೇನಿಲ್ಲ. ಎರಡು, ಹೆಸರು. ದೇಶಸೇವೆಯ ಪಕ್ಕದಲ್ಲಿ ತಮ್ಮ ಗುರುತು ನಿಲ್ಲಿಸಿದರೆ ಸಾಬೂನಿನ ಮೇಲೂ ಒಂದು ಗೌರವ ಬರುತ್ತದೆ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಸರಾಸರಿ ಲಾಭದಲ್ಲಿ ನೂರಕ್ಕೆ ಎರಡನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು ಅಂತ ಕಾನೂನೇ ಇದೆ. ಆದರೆ ಒಂದು ಮೇಜು, ಎರಡು ಕುರ್ಚಿಗೆ ಏನು ಮಹಾ ಖರ್ಚು? ಕಡಿಮೆ ಖರ್ಚಿನಲ್ಲಿ ಹೆಚ್ಚು ಹೆಸರು. ಮೂರು, ಅಧಿಕಾರಿಗಳ ಹತ್ತಿರ ಸಲುಗೆ. ಜಿಲ್ಲಾ ಆಡಳಿತದ ಕಾರ್ಯಕ್ರಮಕ್ಕೆ ಜಾಗ ಕೊಟ್ಟವರು ನಾಳೆ ತಮ್ಮ ಕೆಲಸಕ್ಕೆ ಹೋದರೆ ಕುರ್ಚಿ ಸಿಗುತ್ತದೆ.

ನಾಲ್ಕನೆಯದೇ ನಮಗೆ ಭಯ ಹುಟ್ಟಿಸೋದು. ಅದು ಆ ಎರಡನೇ ಚೀಟಿ. ಹೆಸರು, ವಿಳಾಸ, ವಯಸ್ಸು, ಫೋನು, ಮನೆಯ ಖರ್ಚು. ಇವಿಷ್ಟು ಒಂದು ಕಡೆ ಸೇರಿದರೆ ಅದು ಬೆಲೆಬಾಳುವ ಸರಕು. ಅದರ ಜೊತೆ ಯಾವ ಬೂತು, ಯಾವ ಜಾತಿ ಅಂತಲೂ ಸೇರಿಬಿಟ್ಟರೆ ಅದನ್ನು ಕೊಳ್ಳುವವರು ಸಾಮಾನು ಮಾರುವವರು ಮಾತ್ರ ಆಗಿರುವುದಿಲ್ಲ.

ಇದು ನಮ್ಮ ಕಲ್ಪನೆ ಅಂತ ಯಾರೂ ತಿಳಿಯಬೇಡಿ. ನಮ್ಮ ಮಹದೇವಪುರ ಕ್ಷೇತ್ರದಲ್ಲೇ ನಡೆದದ್ದು. 2022ರಲ್ಲಿ ಚಿಲುಮೆ ಅನ್ನೋ ಸಂಸ್ಥೆಗೆ ಮತದಾರರಿಗೆ ತಿಳುವಳಿಕೆ ಕೊಡಲು ಬಿಬಿಎಂಪಿ ಅನುಮತಿ ಕೊಟ್ಟಿತ್ತು. ಅವರು ಪಾಲಿಕೆಯಿಂದ ದುಡ್ಡು ಕೇಳಿರಲಿಲ್ಲ, ಉಚಿತ ಸೇವೆ ಅಂದಿದ್ದರು. ಆ ವರ್ಷ ನವೆಂಬರ್‌ನಲ್ಲಿ ಪತ್ರಿಕೆಯವರು ಹೊರಹಾಕಿದ್ದೇನು? ಅವರ ಕಡೆಯ ಹುಡುಗರು ಬಿಎಲ್‌ಒಗಳ ಹಾಗೆ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಗೆ ಹೋಗಿ ಜಾತಿ, ಮಾತೃಭಾಷೆ, ಆಧಾರ್, ಫೋನು ಎಲ್ಲ ಬರೆದುಕೊಂಡು, ಅದನ್ನು ಒಂದು ಖಾಸಗಿ ಆ್ಯಪಿಗೆ ಹಾಕುತ್ತಿದ್ದರು ಅನ್ನೋ ಆರೋಪ. ಅನುಮತಿ ರದ್ದಾಯಿತು, ಪೊಲೀಸ್ ಕೇಸಾಯಿತು, ಬಂಧನಗಳಾದವು. ಚುನಾವಣಾ ಆಯೋಗ ಇಬ್ಬರು ಅಧಿಕಾರಿಗಳನ್ನು ಅಮಾನತು ಮಾಡಲು ಹೇಳಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಈ ಮೂರು ಕ್ಷೇತ್ರಗಳಲ್ಲಿ ಆ ವರ್ಷ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸಲು ಆದೇಶ ಮಾಡಿತು. ಚಿಲುಮೆ ಅಂಗಡಿಯಲ್ಲ, ನಿಜ. ಆದರೆ ಪಾಠ ಅದೇ. ಪುಕ್ಕಟೆಯಾಗಿ ಯಾರಾದರೂ ನಿಮ್ಮ ಮತದಾರರ ಪಟ್ಟಿಯ ಕೆಲಸ ಮಾಡಿಕೊಡುತ್ತೇವೆ ಅಂದರೆ, ಅವರ ಹೊಟ್ಟೆ ಯಾವುದರಿಂದ ತುಂಬುತ್ತೆ ಅಂತ ಕೇಳಬೇಕು.

2025ರ ಆಗಸ್ಟ್‌ನಲ್ಲಿ ಮಹದೇವಪುರದ ಪಟ್ಟಿಯ ಹೆಸರು ದೆಹಲಿಯವರೆಗೂ ಹೋಯಿತು. ಒಬ್ಬರು ಕಳ್ಳ ಓಟು ಅಂದರು, ಇನ್ನೊಬ್ಬರು ಸುಳ್ಳು ಅಂದರು. ಸಂಘದ ವೇದಿಕೆಯಲ್ಲಿ ಪಕ್ಷದ ಮಾತು ಬೇಡ ಅನ್ನೋದು ಹಿರಿಯರು ಹಾಕಿದ ಕಟ್ಟಳೆ, ನಾವು ಅದನ್ನು ಮೀರಲ್ಲ. ಒಂದು ಮಾತ್ರ ಹೇಳಬಹುದು. ಆರು ಲಕ್ಷ ಮೀರಿದ ಮತದಾರರಿರುವ ಕ್ಷೇತ್ರ ನಮ್ಮದು. ಐಟಿಪಿಎಲ್ ಬಂತು, ಮೆಟ್ರೋ 2023ರಲ್ಲಿ ಕಾಡುಗೋಡಿವರೆಗೂ ಬಂತು, ದಿನಾ ಬರುವವರು, ಹೋಗುವವರು. ಇಂಥ ಕಡೆ ಪಟ್ಟಿ ಅನ್ನೋದು ಕೆರೆಯ ಹಾಗೆ. ತೂಬು ಯಾರ ಕೈಲಿದೆ ಅಂತ ಊರಿನವರು ನೋಡ್ತಾ ಇರಬೇಕು. ಬಿಹಾರದಲ್ಲಿ 2025ರಲ್ಲಿ ಪಟ್ಟಿ ಪರಿಷ್ಕರಣೆ ಮಾಡಿದಾಗ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಬಿಟ್ಟಿದ್ದವು. ಹೆಸರು ಸೇರಿಸೋದರ ಮೇಜು ಅಂಗಡಿಯಲ್ಲಿ ಸಿಗುತ್ತದೆ. ಬಿಟ್ಟುಹೋದ ಹೆಸರನ್ನು ಹುಡುಕುವ ಮೇಜನ್ನು ಯಾವ ಅಂಗಡಿಯವರೂ ಹಾಕುವುದಿಲ್ಲ. ಯಾಕೆ? ಹೊಸ ಮತದಾರ ಅಂದರೆ ಹೊಸ ಗಿರಾಕಿ. ನಮ್ಮ ತಾಯಿಯಂಥ ಎಪ್ಪತ್ತರ ಮುದುಕಿ ಯಾವ ಕಂಪನಿಗೂ ಗಿರಾಕಿಯಲ್ಲ.

ಈಗ ಆ ಅಂಗಡಿಯ ಬಾಗಿಲಿನ ಇನ್ನೊಬ್ಬರ ಕಥೆ ಹೇಳಬೇಕು. ಇದನ್ನು ಹೇಳಲೋ ಬೇಡವೋ ಅಂತ ನಿನ್ನೆ ರಾತ್ರಿಯವರೆಗೂ ಯೋಚನೆ ಮಾಡಿದೆವು.

ಆ ಅಂಗಡಿಯ ಸೆಕ್ಯೂರಿಟಿ ಹುಡುಗ ರಾಯಚೂರು ಕಡೆಯವನು. ನಮ್ಮ ವಠಾರದಲ್ಲೇ ಬಾಡಿಗೆಗೆ ಇದ್ದಾನೆ. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಎರಡು ಮಕ್ಕಳು ನಮ್ಮೂರ ಸ್ಕೂಲಿಗೇ ಹೋಗ್ತಾರೆ, ದಿನಾ ಸಂಜೆ ಅರ್ಧ ಲೀಟರು ಹಾಲು ನಮ್ಮ ಸಂಘದಿಂದಲೇ ಒಯ್ಯುತ್ತಾರೆ. 2024ರ ಏಪ್ರಿಲ್ 26 ನಮ್ಮ ಕಡೆ ಮತದಾನ. ಅವತ್ತು ಮಧ್ಯಾಹ್ನದ ಮೇಲೆ ಅಂಗಡಿ ತೆಗೆದು, ಬೆರಳಿನ ಶಾಯಿ ತೋರಿಸಿದವರಿಗೆ ರಿಯಾಯಿತಿ ಅಂತ ಬೋರ್ಡು ಹಾಕಿದ್ದರು. ಬಾಗಿಲಲ್ಲಿ ನಿಂತು ಬೆರಳು ನೋಡಿ ಒಳಗೆ ಬಿಡುತ್ತಿದ್ದವನು ಇವನೇ. ಇವನಿಗೆ ಇಲ್ಲಿ ಓಟಿಲ್ಲ. ರಾಯಚೂರಿನಲ್ಲಿ ಮತದಾನ ಮೇ 7ಕ್ಕೆ. ಆ ದಿನ ಇಲ್ಲಿ ರಜೆ ಇಲ್ಲ, ಡ್ಯೂಟಿ. ಕಾನೂನು ಏನು ಹೇಳುತ್ತೆ ಅಂದರೆ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿನಲ್ಲಿ, ಓಟಿನ ಹಕ್ಕಿರುವ ಕೆಲಸಗಾರನಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ ಸೇರಿ. ತಪ್ಪಿದ ಮಾಲೀಕನಿಗೆ ದಂಡ ಐನೂರು ರೂಪಾಯಿವರೆಗೆ! ಅವತ್ತಿನ ಒಂದು ಗಂಟೆಯ ವ್ಯಾಪಾರದಲ್ಲಿ ಅದರ ನೂರರಷ್ಟು ದುಡ್ಡು ಬರುತ್ತೆ. ಅದೂ ಅಲ್ಲದೆ ಈ ಹುಡುಗ ಅಂಗಡಿಯವನಲ್ಲ, ಗುತ್ತಿಗೆದಾರನ ಕಡೆಯವನು. ಕೇಳಿದರೆ ಅಂಗಡಿಯವರು ಗುತ್ತಿಗೆದಾರನನ್ನು ತೋರಿಸ್ತಾರೆ, ಗುತ್ತಿಗೆದಾರ ಅಂಗಡಿಯನ್ನು ತೋರಿಸ್ತಾನೆ. ಅಂತೂ ಎಲ್ಲರ ಬೆರಳು ನೋಡಿದವನ ಬೆರಳಿಗೆ ಶಾಯಿ ಬೀಳಲಿಲ್ಲ. ನಿಜವಾಗಿ ಓಟಿನ ಮೇಲೆ ಪ್ರೀತಿ ಇರುವ ಕಂಪನಿ ಮೊದಲು ಮಾಡಬೇಕಾದ್ದು ಮೇಜು ಹಾಕುವುದಲ್ಲ, ತನ್ನ ಬಾಗಿಲಲ್ಲಿ ನಿಂತವನಿಗೆ ರಜೆ ಕೊಡುವುದು. ಈ ಮಾತು ವೈಟ್‌ಫೀಲ್ಡಿಗೂ, ಎಲೆಕ್ಟ್ರಾನಿಕ್ ಸಿಟಿಗೂ, ಪೀಣ್ಯದ ಶೆಡ್ಡುಗಳಿಗೂ ಒಂದೇ.

ಇದನ್ನು ನಾವು ವಠಾರದ ಕಟ್ಟೆಯ ಮೇಲೆ ಕೂತು ಜೋರಾಗಿ, ಕಂಪನಿಯವರನ್ನು ಬೈಯುತ್ತಾ ಹೇಳುತ್ತಿದ್ದೆವು. ಆ ಹುಡುಗ ಸುಮ್ಮನೆ ಕೇಳಿ ಕೊನೆಗೆ ಹೇಳಿದ, 'ಮಾಲಕರ, ಆ ಟೇಬಲ್ ದಿನಾ ಎತ್ತಿ ಇಟ್ಟಾಂವ ನಾನಾ. ನಂದೂ ಹೆಸರು ಬರಕೊಳ್ರಿ ಅಂದೆ. ಮನಿ ಕಾಗದ ತಾ ಅಂದ್ರು. ನೀವು ಕರಾರು ಕೊಟ್ಟಿಲ್ಲಲ್ರಿ. ಟೀಚರಮ್ಮ ಬಂದಾಗೂ ಇಲ್ಲಿ ಬಾಡಿಗಿಯವರು ಯಾರೂ ಇಲ್ಲ ಅಂತ ನೀವಽ ಹೇಳಿ ಕಳಿಸಿದ್ರಿ.'

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಮಗೆ. ಅವನು ಹೇಳಿದ್ದು ಸುಳ್ಳಲ್ಲ. ಬಿಎಲ್‌ಒ ಬಂದಾಗ 'ಯಾರೂ ಇಲ್ಲಮ್ಮ, ಎಲ್ಲ ನಮ್ಮ ಕಡೆಯವರೇ' ಅಂತ ನಾವೇ ಹೇಳಿದ್ದೆವು. ಯಾಕೆ? ಶೀಟಿನ ಮನೆಗಳ ಲೆಕ್ಕ ಹೊರಗೆ ಬಂದರೆ ಕಂದಾಯ ಜಾಸ್ತಿ ಆಗುತ್ತೆ ಅಂತ. ಕರಾರು ಬರೆದುಕೊಟ್ಟರೆ ನಾಳೆ ಮನೆ ಬಿಡಲ್ಲ ಅಂತ. ಇದು ನಮ್ಮೊಬ್ಬರದೇ ಅಲ್ಲ. ಇಲ್ಲಿ ಕೂತಿರುವ ಎಷ್ಟೋ ಸದಸ್ಯರು ಇವತ್ತು ಹಸು ಕಡಿಮೆ ಮಾಡಿ, ಇರೋ ಜಮೀನಿನಲ್ಲಿ ವಠಾರ ಕಟ್ಟಿದ್ದೀರಿ. ಯಾರಿಗೂ ಬೇಜಾರು ಬೇಡ. ಎಷ್ಟು ಜನ ಬಾಡಿಗೆಯವರಿಗೆ ಕಾಗದ ಕೊಟ್ಟಿದ್ದೀರಿ? ಕಂಪನಿಯವರು ಫೋನ್ ನಂಬರಿಗಾಗಿ ಜನರನ್ನು ಪಟ್ಟಿಗೆ ಸೇರಿಸ್ತಾರೆ. ನಾವು ಬಾಡಿಗೆಗಾಗಿ ಜನರನ್ನು ಪಟ್ಟಿಯಿಂದ ಹೊರಗೆ ಇಡುತ್ತೇವೆ. ಇಬ್ಬರಲ್ಲಿ ಯಾರದು ಹೆಚ್ಚು ತಪ್ಪು ಅಂತ ನೀವೇ ಯೋಚನೆ ಮಾಡಿ.

ಇನ್ನೊಂದು ಭಯವನ್ನೂ ಬಾಯಿ ಬಿಟ್ಟು ಹೇಳಿಬಿಡೋಣ. ಹೊರಗಿನವರೆಲ್ಲ ಇಲ್ಲಿ ಓಟು ಮಾಡಿಸಿಕೊಂಡರೆ ಪಂಚಾಯ್ತಿ ನಮ್ಮ ಕೈ ತಪ್ಪಿ ಹೋಗುತ್ತೆ ಅಂತ ಊರಿನಲ್ಲಿ ಮಾತಿದೆ. ಈ ಭಯ ಪೂರ್ತಿ ಸುಳ್ಳಲ್ಲ. ಅಪಾರ್ಟ್‌ಮೆಂಟಿನವರು ಒಗ್ಗಟ್ಟಾಗಿ ಹೆಸರು ಸೇರಿಸುತ್ತಾರೆ. ವೈಟ್‌ಫೀಲ್ಡ್ ರೈಸಿಂಗ್ ಅನ್ನೋ ನಾಗರಿಕರ ಗುಂಪಿನವರು 2018ರ ವಿಧಾನಸಭಾ ಚುನಾವಣೆಗೆ ಮುಂಚೆ ಅದಕ್ಕೆ ದೊಡ್ಡ ಆಂದೋಲನವನ್ನೇ ಮಾಡಿದರು. ರಸ್ತೆ, ಕೆರೆ, ನೀರು ಬೇಕಾದರೆ ಓಟಿನ ಲೆಕ್ಕದಲ್ಲಿ ಇರಬೇಕು ಅನ್ನೋದು ಅವರಿಗೆ ನಮಗಿಂತ ಬೇಗ ಅರ್ಥ ಆಯಿತು. ಅದನ್ನು ತಪ್ಪು ಅನ್ನಲು ಆಗಲ್ಲ. ಲೆಕ್ಕಕ್ಕೆ ಬಾರದೆ ಉಳಿದವರು ಇಬ್ಬರೇ: ಪಟ್ಟಿಯಿಂದ ಬಿಟ್ಟುಹೋದ ನಮ್ಮ ಮುದುಕರು, ಪಟ್ಟಿಗೆ ಸೇರದ ನಮ್ಮ ವಠಾರದ ಕೂಲಿಯವರು. ಚರಂಡಿ ತುಂಬಿದರೆ ಮೊದಲು ನೀರು ನುಗ್ಗೋದು ಇವರ ಮನೆಗೇ. ಅವರು ನಮ್ಮ ಹಾಲು ಕುಡಿಯುತ್ತಾರೆ, ನಮಗೆ ಬಾಡಿಗೆ ಕೊಡುತ್ತಾರೆ, ಅವರ ಮಕ್ಕಳಿಂದಲೇ ನಮ್ಮೂರ ಸರ್ಕಾರಿ ಸ್ಕೂಲು ಮುಚ್ಚದೆ ಉಳಿದಿದೆ. ಓಟಿಗೆ ಮಾತ್ರ ಹೊರಗಿನವರಾ?

ಇಲ್ಲಿ ಸಹಕಾರದ ಮಾತು ಬರುತ್ತದೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ಇವತ್ತಿನವರೆಗೂ ನಮ್ಮ ತತ್ವ ಒಂದೇ. ಹತ್ತು ಹಸು ಇದ್ದವನಿಗೂ ಒಂದೇ ಓಟು, ಒಂದು ಹಸು ಇದ್ದವಳಿಗೂ ಒಂದೇ ಓಟು. ನೂರು ಷೇರು ಇದ್ದರೂ ಒಂದೇ. ಕಂಪನಿಯೊಳಗೆ ಹಾಗಲ್ಲ. ಅಲ್ಲಿ ಷೇರು ಎಷ್ಟೋ ಓಟು ಅಷ್ಟು. ದುಡ್ಡು ಇದ್ದವನ ಕೈ ಎತ್ತಿದರೆ ಸಾವಿರ ಜನ ಸಣ್ಣ ಷೇರುದಾರರು ಕೂತೇ ಇರಬೇಕು. ಅದು ಅವರ ಕಾನೂನು, ಇರಲಿ. ಆದರೆ ತಮ್ಮ ಮನೆಯೊಳಗೆ ದುಡ್ಡಿಗೆ ಓಟು ಅನ್ನುವವರು ಬೀದಿಗೆ ಬಂದು ಒಬ್ಬರಿಗೆ ಒಂದು ಓಟು ಅಂತ ನಮಗೆ ಪಾಠ ಹೇಳಿದರೆ, ನಾವು ಕೇಳಿಸಿಕೊಂಡು ಸ್ವಲ್ಪ ನಕ್ಕರೆ ತಪ್ಪಲ್ಲ. ಇನ್ನೂ ಒಂದು ನೆನಪಿಡಿ. 2018ರಲ್ಲಿ ಚುನಾವಣಾ ಬಾಂಡ್ ಅಂತ ಬಂದು, ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತು ಅಂತ ಮತದಾರನಿಗೆ ಗೊತ್ತಾಗದ ಹಾಗೆ ಆರು ವರ್ಷ ನಡೆಯಿತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಅಂತ ರದ್ದು ಮಾಡಿತು. ಒಂದು ಕೈಲಿ ಗುಟ್ಟಾಗಿ ಚೆಕ್ಕು, ಇನ್ನೊಂದು ಕೈಲಿ ಓಟು ಹಾಕಿ ಅನ್ನೋ ಬ್ಯಾನರು. ಇಂಥ ಕಾಲದಲ್ಲಿ ಬ್ಯಾನರನ್ನು ಮಾತ್ರ ನೋಡಿ ನಮಸ್ಕಾರ ಹಾಕಲು ಆಗುತ್ತದೆಯೇ?

ಬೆಂಗಳೂರು ಪಾಲಿಕೆಗೆ ಕೊನೆಯ ಚುನಾವಣೆ ಆದದ್ದು 2015ರ ಆಗಸ್ಟ್‌ನಲ್ಲಿ. ಅವರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರೇ ಇಲ್ಲದೆ ನಗರ ನಡೆಯಿತು. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳದೂ 2021ರಿಂದ ಅದೇ ಕಥೆ ಆಯಿತು. ಓಟು ಹಾಕಿ ಓಟು ಹಾಕಿ ಅಂತ ಮೇಜು ಹಾಕಿದ ಎಷ್ಟು ಅಂಗಡಿಗಳು 'ಓಟು ಹಾಕಲು ಚುನಾವಣೆಯನ್ನೇ ನಡೆಸಿಲ್ಲವಲ್ಲ' ಅಂತ ಒಂದು ಬ್ಯಾನರು ಹಾಕಿದವು? ನಾವಂತೂ ನೋಡಲಿಲ್ಲ. ಯಾಕೆಂದರೆ ಆ ಬ್ಯಾನರಿನಿಂದ ಅಧಿಕಾರದಲ್ಲಿರುವವರಿಗೆ ಸಿಟ್ಟು ಬರುತ್ತೆ, ಗಿರಾಕಿ ಬರಲ್ಲ. ನೋಂದಣಿ ಮೇಜಿನ ಒಳ್ಳೆಯತನಕ್ಕೆ ಗಡಿ ಎಲ್ಲಿದೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಬೈದು ಕೂತರೆ ಆಗಲ್ಲ, ಮಾಡಿದ್ದನ್ನೂ ಹೇಳಬೇಕು. ಕಟ್ಟೆಯ ಮೇಲಿನ ಆ ಮಾತಾದ ಮೇಲೆ ನಾವು ಟೀಚರಮ್ಮನವರ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡೆವು. ಅವರು ಹೇಳಿದ್ದು ಸರಳ. ವಿಳಾಸಕ್ಕೆ ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ, ನೋಂದಣಿ ಆದ ಬಾಡಿಗೆ ಪತ್ರ, ಹೀಗೆ ಯಾವುದಾದರೂ ಒಂದು ಸಾಕು. ಏನೂ ಇಲ್ಲದಿದ್ದರೆ ಬಿಎಲ್‌ಒ ಖುದ್ದು ಬಂದು ನೋಡಿ ವರದಿ ಮಾಡಬೇಕು. ಆಗ ಮನೆಯ ಮಾಲೀಕರು ಸುಳ್ಳು ಹೇಳದೆ ಇದ್ದರೆ ಅಷ್ಟೇ ಸಾಕು. ಒಂದು ಕಡೆ ಓಟಿದ್ದವರು ಮನೆ ಬದಲಿಸಿದರೆ ನಮೂನೆ 8. ಎರಡು ಕಡೆ ಹೆಸರು ಇರಬಾರದು, ಅದು ಅಪರಾಧ. ಆ ಹುಡುಗ ಮೊದಲು ಹಿಂದೆಮುಂದೆ ನೋಡಿದ. ಊರಿನ ಓಟು ಬಿಟ್ಟರೆ ಊರೇ ಬಿಟ್ಟ ಹಾಗೆ ಅಂತ ಅವನಿಗೆ ಸಂಕಟ. ಹೆಂಡತಿಯೇ ಹೇಳಿದಳು, 'ನಳ ಇಲ್ಲೈತಿ, ಸಾಲಿ ಇಲ್ಲೈತಿ, ಜಗಳ ಇಲ್ಲೈತಿ, ಓಟು ಮಾತ್ರ ಅಲ್ಲಿಟ್ಟು ಏನ್ ಮಾಡ್ತಿ?' ಇಬ್ಬರೂ ಅರ್ಜಿ ಹಾಕಿದರು. ಬಿಎಲ್‌ಒ ಬಂದರು. 'ಹೌದು, ಇವರು ನಮ್ಮ ಮನೆಯಲ್ಲೇ ಇದ್ದಾರೆ' ಅಂತ ಈ ಸಲ ನಿಜ ಹೇಳಿದೆವು. ಹೆಸರು ಬಂತು. ಕಂದಾಯವೂ ಸ್ವಲ್ಪ ಜಾಸ್ತಿ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ. ಮನೆ ಏನೂ ಕೈ ಬಿಟ್ಟು ಹೋಗಲಿಲ್ಲ.

ಈ ಬೆಳ್ಳಿಹಬ್ಬದ ನೆನಪಿಗೆ ನಮ್ಮ ಆಡಳಿತ ಮಂಡಳಿಯ ಮುಂದೆ ಮೂರು ಸೂಚನೆ ಇಟ್ಟಿದ್ದೇವೆ. ಮೊದಲನೆಯದು, ಕರಡು ಪಟ್ಟಿ ಬಂದಾಗಲೆಲ್ಲ ಬಟವಾಡೆ ದಿನ ನಮ್ಮೂರ ಬೂತುಗಳ ಪಟ್ಟಿಯನ್ನು ಸಂಘದ ಗೋಡೆಗೆ ಹಚ್ಚಿ, ಬಿಎಲ್‌ಒ ಅವರನ್ನು ಕೂರಿಸೋದು. ಹೊಸ ಹೆಸರು, ಬಿಟ್ಟ ಹೆಸರು, ತಪ್ಪಾದ ಹೆಸರು, ಸತ್ತವರ ಹೆಸರು ಎಲ್ಲಕ್ಕೂ ಒಂದೇ ಮೇಜು. ಅರ್ಜಿ ಕೊಟ್ಟವರಿಗೆ ನಂಬರು ಕೊಡಿಸಬೇಕು, ಕೂಪನ್ನಲ್ಲ. ಸಂಘದವರು ಯಾರ ಕಾಗದವನ್ನೂ ಇಟ್ಟುಕೊಳ್ಳಬಾರದು. ಎರಡನೆಯದು, ವಠಾರ ಇರುವ ಸದಸ್ಯರೆಲ್ಲ ಬಾಡಿಗೆಯವರ ವಿಷಯದಲ್ಲಿ ನಿಜ ಹೇಳೋದು. ಮೂರನೆಯದು, ಸದಸ್ಯರ ಹೆಸರು, ಫೋನು ಇರುವ ನಮ್ಮ ಪುಸ್ತಕವನ್ನು ಯಾವ ಕಂಪನಿಗೂ, ಯಾವ ಪಕ್ಷಕ್ಕೂ ಕೊಡದೆ ಇರೋದು.

ಮೂರನೆಯದಕ್ಕೆ ಕಾರಣ ಇದೆ. ಈ ಬೆಳ್ಳಿಹಬ್ಬಕ್ಕೆ ಶಾಮಿಯಾನ, ಊಟ, ಚೀಲ ಎಲ್ಲ ನಮ್ಮ ಖರ್ಚು ಅಂತ ಒಂದು ಕಂಪನಿಯವರು ಬಂದಿದ್ದರು. ಬದಲಿಗೆ ಸದಸ್ಯರ ಪಟ್ಟಿ ಫೋನ್ ನಂಬರು ಸಮೇತ ಬೇಕು ಅಂದರು. ಆಡಳಿತ ಮಂಡಳಿಯಲ್ಲಿ ಎರಡು ಗಂಟೆ ಚರ್ಚೆ ಆಯಿತು. ಪುಕ್ಕಟೆ ಬರೋದನ್ನು ಯಾಕೆ ಬಿಡೋದು ಅಂದವರೂ ಇದ್ದರು. ಕೊನೆಗೆ ಬೇಡ ಅಂತಲೇ ತೀರ್ಮಾನ ಆಯಿತು. ಇವತ್ತಿನ ಊಟದಲ್ಲಿ ಒಂದೇ ಸಿಹಿ ಇರೋದಕ್ಕೆ ಅದೇ ಕಾರಣ. ದಯವಿಟ್ಟು ಅಡುಗೆಯವರನ್ನು ಯಾರೂ ಬೈಯಬೇಡಿ.

ತಾನು ಮಾಡೋದು ಉತ್ತಮ, ಮಗ ಮಾಡೋದು ಮಧ್ಯಮ, ಆಳು ಮಾಡೋದು ಹಾಳು ಅಂತ ಹಿರಿಯರ ಗಾದೆ. ಓಟಿನ ಪಟ್ಟಿಯ ಕೆಲಸ ಸರ್ಕಾರದ್ದು, ಅದರ ಮೇಲೆ ಕಣ್ಣಿಡುವ ಕೆಲಸ ನಮ್ಮದು. ಅಂಗಡಿಯವರು ಮೇಜು ಹಾಕಿದರೆ ಹಾಕಲಿ, ಅರ್ಜಿ ಸಿಕ್ಕರೆ ತಗೊಳ್ಳಿ, ಎರಡನೇ ಚೀಟಿ ವಾಪಸು ಕೊಡಿ. ಆದರೆ ಹೆಸರು ಬಂತೋ ಇಲ್ಲವೋ ಅಂತ ನೋಡೋದನ್ನು ಯಾರಿಗೂ ಗುತ್ತಿಗೆ ಕೊಡಬೇಡಿ. ನಿಮ್ಮದು ನೋಡಿದ ಮೇಲೆ ನಿಮ್ಮ ತಾಯಿಯದು ನೋಡಿ, ಆಮೇಲೆ ನಿಮ್ಮ ವಠಾರದವರದ್ದು ನೋಡಿ.

25 ವರ್ಷದ ಹಿಂದೆ ನಮ್ಮ ತಂದೆಯವರು ಈ ಸಂಘದ ಮೊದಲ ಸದಸ್ಯರಲ್ಲಿ ಒಬ್ಬರಾಗಿದ್ದರು. ಆಗ ಕ್ಯಾನಿನಲ್ಲಿ ಹಾಲು ಹಾಕಿ ಪುಸ್ತಕದಲ್ಲಿ ಹೆಸರು ಬರೆಸುವಾಗ ಅವರು ಬಗ್ಗಿ ನೋಡಿ, ತಮ್ಮ ಹೆಸರು ಸರಿಯಾಗಿ ಬಂದಿದೆಯಾ ಅಂತ ಖಾತ್ರಿ ಮಾಡಿಕೊಂಡೇ ಬರುತ್ತಿದ್ದರಂತೆ. ಅವರಿಗೆ ಓದು ಬರುತ್ತಿರಲಿಲ್ಲ. ಪಕ್ಕದವರಿಂದ ಓದಿಸಿ ಕೇಳುತ್ತಿದ್ದರು. ಅಷ್ಟು ಮಾಡಿದರೆ ಸಾಕು ನಾವು.

 ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಜೈ ಸಹಕಾರ. ಜೈ ಕರ್ನಾಟಕ.